ಮದ್ರಾಸಿಗೆ ಬಂದ ಒಂದು ಫೋನ್ ಕರೆ, ಬಂಗಾಳ ಕೊಲ್ಲಿಯಲ್ಲಿ ಮುಳುಗಿದ ಘಾಜಿ

(ಟಿ. ನಗರದಲ್ಲಿ ಕನ್ನಡ ಕೇಳುಗರ ಮುಂದೆ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

ಪಾಂಡಿ ಬಜಾರಿನ ಟ್ರಾಫಿಕ್ ದಾಟಿ ಇಷ್ಟು ಜನ ಬಂದಿದ್ದೀರಿ, ಅದೇ ದೊಡ್ಡ ವಿಷಯ.

ಈ ಊರಿನ ತಮಿಳಿನಲ್ಲಿ ಒಂದು ಮಾತಿದೆ. ಭಾರೀ ಚಾಲಾಕಿ ಮನುಷ್ಯನನ್ನು ‘ಎಮ್ಡನ್’ ಅಂತಾರೆ. 1914ರ ಸೆಪ್ಟೆಂಬರ್ 22ರ ರಾತ್ರಿ ಇಲ್ಲಿನ ಬಂದರಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಹೋದ ಜರ್ಮನ್ ಹಡಗಿನ ಹೆಸರು ಅದು. ಆ ಹಡಗು ನೀರಿನ ಮೇಲಿತ್ತು, ಕಣ್ಣಿಗೆ ಕಾಣ್ತಿತ್ತು. 1971ರಲ್ಲಿ ಇದೇ ಸಮುದ್ರಕ್ಕೆ ಬಂದದ್ದು ಕಾಣುವ ಹಡಗಲ್ಲ. ಅದಕ್ಕೇ ಅದರ ಕಥೆ ಊರಿನ ಮಾತಿಗೆ ಸೇರಲಿಲ್ಲ. ಇವತ್ತು ಅದನ್ನು ಹೇಳ್ತೀನಿ.

ಅದು ಪಾಕಿಸ್ತಾನದ ಸಬ್‌ಮರೀನ್, ಹೆಸರು ಘಾಜಿ. ಮೊದಲು ಅಮೆರಿಕದ್ದು, ಆಗ ಅದರ ಹೆಸರು ಡಿಯಾಬ್ಲೊ. 1964ರಲ್ಲಿ ಪಾಕಿಸ್ತಾನದ ಕೈಗೆ ಬಂತು. ಅವರ ಬಳಿ ಫ್ರಾನ್ಸಿನಿಂದ ತಂದ ಹೊಸ ಸಬ್‌ಮರೀನ್‌ಗಳೂ ಇದ್ದವು. ಆದರೆ ಕರಾಚಿಯಿಂದ ಹೊರಟು, ಸಿಲೋನನ್ನು ಸುತ್ತಿಕೊಂಡು ಬಂಗಾಳ ಕೊಲ್ಲಿಗೆ ಬಂದು ಕಾಯುವಷ್ಟು ದೂರದ ಓಟ ಇದ್ದದ್ದು ಹಳೆಯ ಘಾಜಿಗೆ ಮಾತ್ರ. ನವೆಂಬರ್ 14ರಂದು ಅದು ಕರಾಚಿ ಬಿಟ್ಟಿತು. ಹುಡುಕಿಕೊಂಡು ಹೊರಟದ್ದು ನಮ್ಮ ಒಂದೇ ಒಂದು ವಿಮಾನವಾಹಕ ಹಡಗು, ವಿಕ್ರಾಂತ್.

ಗಸ್ತು ಅಂದರೆ ಏನು ಅಂತ ಸ್ವಲ್ಪ ತಿಳ್ಕೊಳ್ಳೋಣ. ಸಿನಿಮಾದಲ್ಲಿ ಸಬ್‌ಮರೀನ್ ಅಂದ್ರೆ ಟಾರ್ಪೆಡೊ, ಸದ್ದು, ಓಟ. ನಿಜವಾದ ಗಸ್ತು ಅಂದ್ರೆ ಕಾಯೋದು. ಹಗಲೆಲ್ಲ ನೀರಿನ ಕೆಳಗೆ ಬ್ಯಾಟರಿಯ ಬಲದಲ್ಲಿ ನಿಧಾನವಾಗಿ ಸಾಗಬೇಕು. ರಾತ್ರಿ ಮೇಲಕ್ಕೆ ಬಂದು, ಡೀಸೆಲ್ ಎಂಜಿನ್ ಓಡಿಸಿ, ಬ್ಯಾಟರಿ ಚಾರ್ಜ್ ಮಾಡ್ಕೋಬೇಕು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ. ಅದು ಒಳಗೇ ಸೇರಿಕೊಂಡರೆ ಒಂದು ಕಿಡಿ ಸಾಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಒಳಗಿನ ಇಕ್ಕಟ್ಟು ನೋಡಬೇಕು ಅಂದ್ರೆ ವಿಶಾಖಪಟ್ಟಣದ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಲ್ಲಿಸಿರುವ ನಮ್ಮ ಕುರ್ಸುರಾದೊಳಗೆ ಹೋಗಿಬನ್ನಿ. ಆ ಯುದ್ಧದ ಹೊತ್ತಿನಲ್ಲಿ ಅದೂ ಅರಬ್ಬಿ ಸಮುದ್ರದಲ್ಲಿ ಗಸ್ತು ಮಾಡಿತ್ತು. ನಿರ್ದಿಷ್ಟ ಆಜ್ಞೆ ಇಲ್ಲದೆ ಹೊಡೆಯುವಂತಿರಲಿಲ್ಲ. ನೋಡು, ಲೆಕ್ಕ ಇಡು, ಸುಮ್ಮನಿರು, ಅಷ್ಟೇ.

ಈಗ ನಮ್ಮ ಕಡೆಗೆ ಬರೋಣ. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರು ವೈಸ್ ಅಡ್ಮಿರಲ್ ಎನ್. ಕೃಷ್ಣನ್. ಶತ್ರು ಸಬ್‌ಮರೀನ್ ಬರ್ತಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು? ಒಂದು ಎಣ್ಣೆಯಿಂದ. ಚಿತ್ತಗಾಂಗಿಗೆ ಹೋದ ಒಂದು ವೈರ್‌ಲೆಸ್ ಸಂದೇಶದಲ್ಲಿ ವಿಶೇಷ ಲೂಬ್ರಿಕೇಟಿಂಗ್ ಎಣ್ಣೆಯೊಂದರ ವಿಚಾರಣೆ ಇತ್ತು. ಆ ಎಣ್ಣೆ ಸಬ್‌ಮರೀನ್ ಮತ್ತು ಮೈನ್ ತೆಗೆಯುವ ಹಡಗುಗಳಿಗೆ ಮಾತ್ರ ಬೇಕಾದದ್ದು. ಮೈನ್ ತೆಗೆಯುವ ಸಣ್ಣ ಹಡಗು ಅಷ್ಟು ದೂರ ಬರಲಾರದು, ಹಾಗಾದರೆ ಬರ್ತಿರೋದು ಘಾಜಿಯೇ.

ವಿಕ್ರಾಂತ್‌ಗೆ ಬಾಯ್ಲರ್‌ನಲ್ಲಿ ಬಿರುಕು, ವೇಗ ಕಡಿಮೆ. ಅದನ್ನು ಅಂಡಮಾನಿನ ಕಡೆ ಅಡಗಿಸಿಟ್ಟು, ಅದು ಇಲ್ಲೇ ಇದೆ ಅನ್ನುವ ಸುಳ್ಳನ್ನು ಕೃಷ್ಣನ್ ಹರಡಿದರು. ರಾಜಪೂತ್ ಎಂಬ ಹಳೆಯ ಡೆಸ್ಟ್ರಾಯರ್ ವಿಶಾಖಪಟ್ಟಣದಿಂದ ಆಚೆ ಹೋಗಿ ವಿಕ್ರಾಂತ್‌ನ ಹಾಗೆ ರೇಡಿಯೋದಲ್ಲಿ ಮಾತಾಡಿತು. ಪೇಟೆಯ ಕಂಟ್ರಾಕ್ಟರುಗಳಿಗೆ ರಾಶಿ ರಾಶಿ ಮಾಂಸ, ತರಕಾರಿಗೆ ಆರ್ಡರ್ ಹೋಯ್ತು. ಹಡಗುಪಡೆ ಬಂದಿದೆ ಅಂತ ಬಜಾರೇ ಮಾತಾಡಲಿ ಅಂತ. ನಮ್ಮ ಮದ್ರಾಸಿನ ನೌಕಾ ಅಧಿಕಾರಿಗೆ ಮಾಮೂಲಿ ಫೋನಿನಲ್ಲೇ ಹೇಳಿದರು: ವಿಕ್ರಾಂತ್ ಬರ್ತಿದೆ, ಜಾಗ ಬೇಕು, ಸಾಮಾನು ಬೇಕು. ಇಂಥ ಗುಟ್ಟನ್ನು ಫೋನಿನಲ್ಲಿ ಹೇಳ್ತಾರಲ್ಲ, ಇವರಿಗೆ ತಲೆ ಕೆಟ್ಟಿದೆಯಾ ಅಂತ ಆ ಅಧಿಕಾರಿಗೆ ಅನ್ನಿಸಿತಂತೆ.

ಇನ್ನೊಂದು ಉಪಾಯ ನನ್ನನ್ನು ಬಿಡದೆ ಕಾಡುತ್ತೆ. ವಿಕ್ರಾಂತ್‌ನ ನಾವಿಕನೊಬ್ಬ ಕಳಿಸಿದ ಹಾಗೆ ಒಂದು ಖಾಸಗಿ ತಂತಿ. ಕಾಯಿಲೆ ಬಿದ್ದಿರುವ ತಾಯಿ ಹೇಗಿದ್ದಾಳೆ ಅಂತ ಕೇಳುವ ತಂತಿ. ಆ ನಾವಿಕನೂ ಇಲ್ಲ, ಆ ತಾಯಿಯೂ ಇಲ್ಲ.

ಡಿಸೆಂಬರ್ 3ರ ಸಂಜೆ ಯುದ್ಧ ಶುರು. ಅದೇ ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ರಾಜಪೂತನ್ನು ವಿಶಾಖಪಟ್ಟಣದ ಬಂದರಿನಿಂದ ಹೊರಗೆ ತಂದರು. ಮುಂದೆ ನೀರು ಕಲಕಿದ ಹಾಗೆ ಕಂಡಿತು. ಎರಡು ಡೆಪ್ತ್ ಚಾರ್ಜ್ ಹಾಕಿ ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಊರನ್ನೇ ನಡುಗಿಸಿದ ಸ್ಫೋಟ. ಆಮೇಲೆ ತೇಲಿಬಂದ ವಸ್ತುಗಳನ್ನು ಬೆಸ್ತರು ತಂದುಕೊಟ್ಟರು. ಘಾಜಿಯಲ್ಲಿದ್ದ 90ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಮುಳುಗಿಸಿದ್ದು ಯಾರು? ರಾಜಪೂತ್ ಅಂತ ನಮ್ಮ ಅಧಿಕೃತ ಮಾತು. ಒಳಗಾದ ಅಪಘಾತ ಅಂತ ಪಾಕಿಸ್ತಾನ. ಅದು ತಾನೇ ಹಾಕುತ್ತಿದ್ದ ಮೈನ್ ಸಿಡಿಯಿತು ಅನ್ನುವವರಿದ್ದಾರೆ, ಆಗಲೇ ಹೇಳಿದೆನಲ್ಲ, ಆ ಹೈಡ್ರೋಜನ್ನೇ ಕಾರಣ ಅನ್ನುವವರೂ ಇದ್ದಾರೆ. ನಮ್ಮದೇ ನೌಕಾಪಡೆಯ ನಿವೃತ್ತ ಅಧಿಕಾರಿಗಳಲ್ಲೂ ಒಮ್ಮತ ಇಲ್ಲ. ನನ್ನ ಮಟ್ಟಿಗೆ ಗೆಲುವು ಆ ಎರಡು ಡೆಪ್ತ್ ಚಾರ್ಜ್‌ಗಳಿಗೆ ಮೊದಲೇ ಆಗಿತ್ತು. ಘಾಜಿ ಬಂದು ಕಾದದ್ದು ವಿಕ್ರಾಂತ್ ಇಲ್ಲದ ಜಾಗದಲ್ಲಿ. ಅತ್ತ ವಿಕ್ರಾಂತ್‌ನ ವಿಮಾನಗಳು ಡಿಸೆಂಬರ್ 4ರಂದೇ ಕಾಕ್ಸ್ ಬಜಾರಿನ ಮೇಲೆ ದಾಳಿ ಮಾಡಿದವು. ಅಷ್ಟನ್ನು ಹೆಮ್ಮೆಯಿಂದ ಹೇಳೋಣ. ಉಳಿದದ್ದಕ್ಕೆ ಬಣ್ಣ ಹಚ್ಚೋದು ಬೇಡ.

ಯಾಕೆ ಬೇಡ? ಐದೇ ದಿನ ಮುಂದೆ ಹೋಗಿ. ಡಿಸೆಂಬರ್ 9ರ ರಾತ್ರಿ ಅರಬ್ಬಿ ಸಮುದ್ರದಲ್ಲಿ, ದಿಯು ಹತ್ತಿರ, ಅವರ ಹಂಗೋರ್ ಸಬ್‌ಮರೀನ್ ನಮ್ಮ ಖುಕ್ರಿಯನ್ನು ಹೊಡೆಯಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನು ಇನ್ನೊಬ್ಬರಿಗೆ ಕೊಟ್ಟು ಹಡಗಿನ ಜೊತೆಗೇ ಮುಳುಗಿದರು. ಪೂರ್ವದಲ್ಲಿ ನಾವು ಕಾದು ಗೆದ್ದೆವು, ಪಶ್ಚಿಮದಲ್ಲಿ ಅವರು ಕಾದು ಹೊಡೆದರು. ಕಡಲಿನ ಕೆಳಗೆ ಯಾರೂ ಸದಾ ಜಾಣರಲ್ಲ.

ಸುಳ್ಳು ತಂತಿಯ ಆ ತಾಯಿ ಇರಲಿಲ್ಲ. ಆದರೆ ಆ ವಾರ ಎರಡೂ ದೇಶಗಳಲ್ಲಿ ಮಗನ ಸುದ್ದಿಗಾಗಿ ಬಾಗಿಲು ನೋಡ್ತಾ ಕೂತ ತಾಯಂದಿರು ನಿಜವಾಗಿಯೂ ಇದ್ದರು. ಅವರಿಗೆ ಯಾವ ತಂತಿ ಬಂತು ಅಂತ ನಮಗೆಲ್ಲ ಗೊತ್ತು. ಮುಂದಿನ ಸಲ ಮರೀನಾದಲ್ಲಿ ಸುಂಡಲ್ ತಿನ್ನುತ್ತಾ ಕೂತಾಗ ನೀರಿನ ಕಡೆ ಒಂದು ನಿಮಿಷ ಸುಮ್ಮನೆ ನೋಡಿ, ಅವರನ್ನು ನೆನೆಸಿಕೊಳ್ಳಿ.

ಪ್ರಶ್ನೆಗಳಿದ್ದರೆ ಕೇಳಿ.