ಮುಯ್ಯಾಳು ಗಣಕಗಳು
(ಚಿಕ್ಕಬಳ್ಳಾಪುರದ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ಮುಯ್ಯಾಳೆಂದರೇನೆಂದು ಈ ಸೀಮೆಯ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. 2002ರಲ್ಲಿ ಮಾರ್ಟಿನ್ ಪೂಲ್ ಹೊರತಂದ ‘ಡಿಸ್ಟ್‌ಸಿಸಿ’ ಮಾಡುವುದೂ ಅದನ್ನೇ. ಒಂದು ಗಣಕಕ್ಕೆ ಹೊರೆಯಾದ ಕಂಪೈಲ್ ಕೆಲಸವನ್ನು ನೆರೆಯ ಗಣಕಗಳು ಹಂಚಿಕೊಳ್ಳುತ್ತವೆ. ಕೊನೆಯ ಜೋಡಣೆ ಮನೆಯಲ್ಲೇ. ಹಳೆಯ ಯಂತ್ರಗಳೇ ಗತಿಯಾದ ಶಾಲೆಗೆ ಇದು ದೊಡ್ಡ ಬಲ. ಆದರೆ ನಂಬಿಕೆಯ ನೆರೆಯವರೊಡನೆ ಮಾತ್ರ. ಊರಿಗೆಲ್ಲ ಬಾಗಿಲು ತೆರೆದರೆ ಕಳ್ಳನೂ ನುಗ್ಗಿಯಾನು.

ಇನ್ನು ಕೀಲಿಮಣೆ. ಕನ್ನಡಕ್ಕೆ ಒಪ್ಪುವ ವಿನ್ಯಾಸ ಕೊಟ್ಟವರು ಕೆ.ಪಿ. ರಾವ್. ಅದು ಗಣಕದೊಳಗಿನ ವ್ಯವಸ್ಥೆ. ‘ಕ್ಯೂಎಂಕೆ’ಯಾದರೋ ಮಣೆಯ ಹೊಟ್ಟೆಯೊಳಗಿನ ಚಿಪ್ಪಿನಲ್ಲೇ ಕೂರುವ ತಂತ್ರಾಂಶ, ಅದರ ಮೂಲಪಾಠ ಬಹಿರಂಗ. ಯಾವ ಗುಂಡಿ ಏನು ಮಾಡಬೇಕೆಂದು ನೀವೇ ಬರೆದು ತುಂಬಬಹುದು. ಸಾಮಾನ್ಯವಾಗಿ ಮಣೆ ಕಳಿಸುವುದು ಗುಂಡಿಯ ಸಂಕೇತವನ್ನು, ಅಕ್ಷರವನ್ನಲ್ಲ. ಹಾಗಾಗಿ ರಾಯರ ವಿನ್ಯಾಸ ಗಣಕದಲ್ಲಿ ಇರಲೇಬೇಕು. ದಿನವಿಡೀ ಬೆರಳಚ್ಚು ಮಾಡುವವನ ಕಿರುಬೆರಳು ನೋಯುತ್ತಿದ್ದರೆ, ಶಿಫ್ಟ್ ಗುಂಡಿಯನ್ನು ಅವನು ಹೆಬ್ಬೆರಳಿಗೆ ತಂದುಕೊಳ್ಳಲಿ. ಯಾರ ಅಪ್ಪಣೆಯೂ ಬೇಡ.