ಅಚ್ಚಿಗೆ ಹೋಗುವ ಮುನ್ನ: ಹೊರನಾಡಿನಲ್ಲಿ ಕನ್ನಡ ಮುದ್ರಣ

(ಹೊರನಾಡ ಕನ್ನಡ ಸಂಘಗಳ ಕಾರ್ಯಕರ್ತರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ವರ್ಷದುದ್ದಕ್ಕೂ ಒಂದಲ್ಲ ಒಂದು ಕನ್ನಡ ಮುದ್ರಣವನ್ನು ಮಾಡಿಸುತ್ತಲೇ ಇರುತ್ತಾರೆ. ರಾಜ್ಯೋತ್ಸವದ ಆಹ್ವಾನಪತ್ರಿಕೆ, ಸಂಘದ ಸ್ಮರಣ ಸಂಚಿಕೆ, ಆರೋಗ್ಯ ಶಿಬಿರದ ಕರಪತ್ರ, ಮದುವೆಯ ಕರೆಯೋಲೆ ಇವೆಲ್ಲವೂ ಈ ಮಾತಿಗೆ ಸೇರುತ್ತವೆ. ಆದರೆ ಇವುಗಳನ್ನು ಅಚ್ಚುಮಾಡುವ ಮುದ್ರಣಾಲಯದಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇಲ್ಲದಿರುವುದು ಸಾಮಾನ್ಯ. ಕರ್ನಾಟಕದಲ್ಲಾದರೆ ಅಕ್ಷರ ಜೋಡಿಸುವವರ ಅಥವಾ ಯಂತ್ರ ನಡೆಸುವವರ ಕಣ್ಣಿಗೆ ಬೀಳಬಹುದಾದ ತಪ್ಪು, ಇಲ್ಲಿ ಯಾರ ಕಣ್ಣಿಗೂ ಬೀಳದೆ ಸಾವಿರ ಪ್ರತಿಗಳಾಗಿ ಹೊರಬರುತ್ತದೆ.

ತಪ್ಪು ಎಂದರೆ ಕೇವಲ ಅಂದದ ಪ್ರಶ್ನೆಯಲ್ಲ. ಆರೋಗ್ಯ ಕರಪತ್ರವೊಂದರಲ್ಲಿ 'ಕುದಿಸಿದ ನೀರನ್ನು ಕುಡಿಯಿರಿ' ಎಂಬ ಸಾಲಿದೆ ಎಂದು ಭಾವಿಸೋಣ. 'ಸಿ' ಅಕ್ಷರದ ಗುಡಿಸು ಬಿಟ್ಟುಹೋದರೆ ಅದು 'ಕುದಿಸದ ನೀರನ್ನು ಕುಡಿಯಿರಿ' ಎಂದಾಗುತ್ತದೆ. ಎರಡೂ ಶುದ್ಧ ಕನ್ನಡ ಪದಗಳೇ ಆದುದರಿಂದ ಗಣಕಯಂತ್ರದ ಕಾಗುಣಿತ ಪರೀಕ್ಷೆಯೂ ಇದನ್ನು ತಪ್ಪೆಂದು ತೋರಿಸುವುದಿಲ್ಲ. ಒಂದು ಒತ್ತಕ್ಷರ ಕಳೆದುಹೋದರೆ 'ಹಳ್ಳಿ' 'ಹಳಿ'ಯಾಗುತ್ತದೆ. ಒಂದು ಒತ್ತಕ್ಷರ ಸೇರಿಕೊಂಡರೆ 'ಕತೆ' 'ಕತ್ತೆ'ಯಾಗುತ್ತದೆ. ಯಂತ್ರವು ಕೊಟ್ಟದ್ದನ್ನು ಕೊಟ್ಟಂತೆಯೇ ಅಚ್ಚೊತ್ತುತ್ತದೆ. ಆದುದರಿಂದ ಮುದ್ರಣದ ಗುಣಮಟ್ಟವು ಬಹುಮಟ್ಟಿಗೆ ನಿರ್ಧಾರವಾಗುವುದು ಯಂತ್ರ ತಿರುಗುವ ಮುನ್ನ. ಅದನ್ನು ನಿರ್ಧರಿಸಬೇಕಾದವರು ನಾವು.

ಕನ್ನಡವು ಹೊರನಾಡಿನಲ್ಲಿ ಅಚ್ಚಾಗುವುದು ಹೊಸತೇನೂ ಅಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಅಚ್ಚಾದದ್ದು ಬಂಗಾಳದ ಶ್ರೀರಾಂಪುರದಲ್ಲಿ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಹೊರತಂದಾಗ ಬಳಸಿದ್ದು ಕಲ್ಲಚ್ಚಿನ ವಿಧಾನ. ಎಣ್ಣೆಯೂ ನೀರೂ ಬೆರೆಯವು ಎಂಬ ಸರಳ ತತ್ತ್ವವೇ ಕಲ್ಲಚ್ಚಿನ ಆಧಾರ. ಇಂದಿನ ಆಫ್‌ಸೆಟ್ ಮುದ್ರಣವೂ ಅದೇ ತತ್ತ್ವದ ಮೇಲೆ ನಿಂತಿದೆ. ಲೋಹದ ತೆಳುವಾದ ಪ್ಲೇಟಿನ ಮೇಲೆ ಅಕ್ಷರವಿರುವ ಭಾಗವು ಜಿಡ್ಡಿನ ಮಸಿಯನ್ನು ಹಿಡಿಯುತ್ತದೆ, ಉಳಿದ ಭಾಗವು ನೀರನ್ನು ಹಿಡಿದು ಮಸಿಯನ್ನು ದೂರವಿಡುತ್ತದೆ. ಮಸಿಯು ಮೊದಲು ರಬ್ಬರಿನ ಹೊದಿಕೆಗೂ ಅಲ್ಲಿಂದ ಕಾಗದಕ್ಕೂ ವರ್ಗವಾಗುತ್ತದೆ.

ಪ್ಲೇಟು ತಯಾರಿಸುವ ಹಾಗೂ ಯಂತ್ರವನ್ನು ಸಜ್ಜುಗೊಳಿಸುವ ವೆಚ್ಚವು 100 ಪ್ರತಿಗಳಿಗೂ 5,000 ಪ್ರತಿಗಳಿಗೂ ಬಹುಮಟ್ಟಿಗೆ ಒಂದೇ. ಆದುದರಿಂದ ಪ್ರತಿಗಳು ಹೆಚ್ಚಿದಷ್ಟೂ ಪ್ರತಿಯೊಂದರ ಬೆಲೆ ಇಳಿಯುತ್ತದೆ. ಪ್ಲೇಟಿನ ಅಗತ್ಯವಿಲ್ಲದ ಡಿಜಿಟಲ್ ಮುದ್ರಣವು ಕಡಿಮೆ ಪ್ರತಿಗಳಿಗೆ ಅನುಕೂಲ. ಎಷ್ಟು ಪ್ರತಿ ಬೇಕೆಂಬುದನ್ನು ಮೊದಲೇ ನಿಶ್ಚಯಿಸಿ, ಎರಡೂ ವಿಧಾನಗಳ ದರವನ್ನು ಕೇಳಿ ತಿಳಿಯುವುದು ಉಚಿತ.

ಇನ್ನು ವಿನ್ಯಾಸದ ವಿಚಾರ. ವಿನ್ಯಾಸವೆಂದರೆ ಅಲಂಕಾರವೆಂದು ಹಲವರು ಭಾವಿಸುವುದುಂಟು. ವಾಸ್ತವವಾಗಿ ಅದು ಓದುಗನ ಕಣ್ಣಿಗೆ ದಾರಿ ತೋರಿಸುವ ಕೆಲಸ. ಆಹ್ವಾನಪತ್ರಿಕೆಯಲ್ಲಿ ಓದುಗನು ಮೊದಲು ಹುಡುಕುವುದು ಏನು, ಎಂದು, ಎಲ್ಲಿ ಎಂಬ ಮೂರು ಸಂಗತಿಗಳನ್ನು. ಪದಾಧಿಕಾರಿಗಳ ಹೆಸರುಗಳು ದೊಡ್ಡ ಅಕ್ಷರಗಳಲ್ಲಿದ್ದು ಸ್ಥಳ ಮತ್ತು ಸಮಯಗಳು ಮೂಲೆಯಲ್ಲಿ ಅಡಗಿದ್ದರೆ ಆ ಪತ್ರಿಕೆಯು ತನ್ನ ಕರ್ತವ್ಯವನ್ನು ನೆರವೇರಿಸಿದಂತಾಗದು. ಮುಖ್ಯವಾದುದು ದೊಡ್ಡದಾಗಿರಲಿ, ಸಂಬಂಧವುಳ್ಳ ವಿಷಯಗಳು ಹತ್ತಿರವಿರಲಿ, ಸುತ್ತಲೂ ಖಾಲಿ ಜಾಗವಿರಲಿ. ಒಂದು ಪುಟದಲ್ಲಿ ಎರಡಕ್ಕಿಂತ ಹೆಚ್ಚು ಬಗೆಯ ಅಕ್ಷರವಿನ್ಯಾಸಗಳು ಸಾಮಾನ್ಯವಾಗಿ ಅನಗತ್ಯ.

ಕನ್ನಡ ಲಿಪಿಗೆ ವಿಶೇಷವಾದ ಒಂದು ಅಗತ್ಯವಿದೆ. ನಮ್ಮ ಅಕ್ಷರಗಳಿಗೆ ಮೇಲೆ ತಲೆಕಟ್ಟು ಮತ್ತು ಗುಡಿಸುಗಳಿವೆ, ಕೆಳಗೆ ಒತ್ತಕ್ಷರಗಳಿವೆ. ಇಂಗ್ಲಿಷಿಗೆ ಹೊಂದುವ ಸಾಲಂತರವನ್ನೇ ಕನ್ನಡಕ್ಕೂ ಬಳಸಿದರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 12 ಪಾಯಿಂಟಿನ ಅಕ್ಷರಗಳಿಗೆ 16ರಿಂದ 18 ಪಾಯಿಂಟಿನ ಸಾಲಂತರವನ್ನು ಕೇಳಿ ಪಡೆಯಿರಿ. ಗಾಢವಾದ ಹಿನ್ನೆಲೆಯ ಮೇಲೆ ಬಿಳಿಯ ಸಣ್ಣ ಅಕ್ಷರಗಳನ್ನು ಮೂಡಿಸಿದರೆ ಸುತ್ತಲಿನ ಮಸಿ ಹರಡಿ ಒತ್ತಕ್ಷರಗಳು ಮುಚ್ಚಿಹೋಗುತ್ತವೆ. ಇದನ್ನು ಆದಷ್ಟೂ ತಪ್ಪಿಸಬೇಕು.

ಪಠ್ಯವನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸುವುದು ಲೇಸು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಹಳೆಯ ಸಂಕೇತ ವ್ಯವಸ್ಥೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತದೆ. ಯೂನಿಕೋಡಿನಲ್ಲಿದ್ದರೂ, ಭಾರತೀಯ ಲಿಪಿಗಳಿಗೆ ಸಜ್ಜುಗೊಳಿಸದ ವಿನ್ಯಾಸ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಡಿಯಾಗಿ ಒಡೆಯುವುದುಂಟು. ಆದುದರಿಂದ ಮುದ್ರಣಾಲಯಕ್ಕೆ ಫಾಂಟುಗಳನ್ನು ಒಳಗೊಂಡ ಪಿ.ಡಿ.ಎಫ್. ಕಡತವನ್ನು ಕೊಡುವುದು ಸುರಕ್ಷಿತ.

ಕಾಗದದ ಅಳತೆಯನ್ನು ಬರೆಯಲು ತೊಡಗುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎ-4 ಹಾಳೆಯ ಅಳತೆ 210 × 297 ಮಿಲಿಮೀಟರು; ಅದನ್ನು ನಡುವೆ ಮಡಿಸಿದರೆ ಎ-5 ದೊರೆಯುತ್ತದೆ, ಉದ್ದಗಲಗಳ ಪ್ರಮಾಣ ಬದಲಾಗದು. ಬಣ್ಣವು ಕಾಗದದ ಅಂಚಿನವರೆಗೂ ಬರಬೇಕಾದರೆ ವಿನ್ಯಾಸವನ್ನು ಅಂಚಿನಿಂದ 3 ಮಿಲಿಮೀಟರು ಹೊರಕ್ಕೆ ಚಾಚಿರಬೇಕು. ಮುದ್ರಕರು ಇದನ್ನು ಬ್ಲೀಡ್ ಎನ್ನುತ್ತಾರೆ. ಕತ್ತರಿಸುವಾಗ ಅಲುಗು ತುಸು ಸರಿದರೂ ಬಿಳಿಯ ಗೆರೆ ಕಾಣಿಸದಿರಲೆಂಬುದೇ ಇದರ ಉದ್ದೇಶ. ಅಕ್ಷರಗಳಾದರೋ ಅಂಚಿನಿಂದ ಕನಿಷ್ಠ 5 ಮಿಲಿಮೀಟರು ಒಳಗಿರಲಿ. ಇಲ್ಲವಾದರೆ ಕೊನೆಯ ಸಾಲಿನ ಒತ್ತಕ್ಷರಗಳು ಅಲುಗಿಗೆ ಸಿಕ್ಕಿಬಿಡುತ್ತವೆ. ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯ ಪುಟಸಂಖ್ಯೆಯು 4ರಿಂದ ಭಾಗವಾಗಬೇಕು. 30 ಪುಟಗಳ ಸ್ಮರಣ ಸಂಚಿಕೆಯನ್ನು 32 ಪುಟಗಳಿಗೆ ಹಿಗ್ಗಿಸಬೇಕು ಅಥವಾ 28ಕ್ಕೆ ಕುಗ್ಗಿಸಬೇಕು.

ಬಣ್ಣದ ಮುದ್ರಣದಲ್ಲಿ ಸಾಮಾನ್ಯವಾಗಿ ಬಳಸುವುದು ನಾಲ್ಕು ಮಸಿಗಳನ್ನು: ಸಯಾನ್ ಎಂಬ ತಿಳಿನೀಲಿ, ಮಜೆಂತಾ ಎಂಬ ಕೆನ್ನೇರಿಳೆ, ಹಳದಿ ಮತ್ತು ಕಪ್ಪು. ಉಳಿದ ವರ್ಣಗಳು ಇವುಗಳ ಸಣ್ಣ ಚುಕ್ಕೆಗಳ ಮಿಶ್ರಣದಿಂದ ಮೂಡುತ್ತವೆ. ಕನ್ನಡ ಬಾವುಟದ ಹಳದಿಗೆ ಒಂದೇ ಮಸಿ ಸಾಕು. ಕುಂಕುಮದ ಕೆಂಪಿಗೆ ಮಜೆಂತಾ ಮತ್ತು ಹಳದಿ ಎರಡೂ ಕೂಡಬೇಕು. ಗಣಕಯಂತ್ರದ ಪರದೆಯು ಕೆಂಪು, ಹಸಿರು, ನೀಲಿ ಬೆಳಕುಗಳಿಂದ ಬಣ್ಣ ತೋರಿಸುವುದರಿಂದ, ಪರದೆಯ ಹೊಳಪು ಕಾಗದದಲ್ಲಿ ಬರಲಾರದು. ಸಣ್ಣ ಅಕ್ಷರಗಳನ್ನು ಕಪ್ಪು ಮಸಿಯೊಂದರಲ್ಲೇ ಮುದ್ರಿಸುವುದು ಸೂಕ್ತ. ನಾಲ್ಕು ಮಸಿಗಳಲ್ಲಿ ಮುದ್ರಿಸಿದರೆ, ಒಂದು ಮಸಿ ಕೂದಲೆಳೆಯಷ್ಟು ಜರುಗಿದರೂ ಅಕ್ಷರ ಮಸುಕಾಗುತ್ತದೆ. ಛಾಯಾಚಿತ್ರಗಳಿಗೆ ಅಚ್ಚಾಗುವ ಗಾತ್ರದಲ್ಲಿ ಅಂಗುಲಕ್ಕೆ 300 ಬಿಂದುಗಳು ಬೇಕು. ಎಂದರೆ 10 ಸೆಂಟಿಮೀಟರು ಅಗಲದ ಚಿತ್ರಕ್ಕೆ ಸುಮಾರು 1,200 ಬಿಂದುಗಳು. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಬಂದ ಛಾಯಾಚಿತ್ರವು ಕುಗ್ಗಿರುತ್ತದೆ. ಮೂಲ ಕಡತವನ್ನೇ ತರಿಸಿಕೊಳ್ಳಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಕರಡಚ್ಚಿನ ಪರಿಶೀಲನೆ. ಕರಡಿನಲ್ಲಿ ಕಂಡ ತಪ್ಪನ್ನು ಕೆಲವು ನಿಮಿಷಗಳಲ್ಲಿ ತಿದ್ದಬಹುದು. ಪ್ಲೇಟು ಆದ ಮೇಲೆ ಕಂಡರೆ ಹೊಸ ಪ್ಲೇಟಿನ ವೆಚ್ಚ ಬೀಳುತ್ತದೆ. ಅಚ್ಚಾದ ಮೇಲೆ ಕಂಡರೆ ಕಾಗದ, ಮಸಿ, ಕೂಲಿ ಎಲ್ಲವೂ ವ್ಯರ್ಥ. ಹಂಚಿದ ಮೇಲೆ ಕಂಡರೆ ತಿದ್ದಲು ದಾರಿಯೇ ಇಲ್ಲ.

ಕರಡನ್ನು ಪರದೆಯ ಮೇಲೆ ಮಾತ್ರ ನೋಡದೆ ಕಾಗದದ ಮೇಲೆ ತೆಗೆಸಿ ನೋಡಬೇಕು. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನಲ್ಲಿ ಅಕ್ಷರ ಅಕ್ಷರವಾಗಿ ಹೋಲಿಸಲಿ. ಪಠ್ಯವನ್ನು ಬರೆದವರೇ ಕರಡು ತಿದ್ದಿದರೆ ಕಣ್ಣು ಇರುವುದನ್ನು ಬಿಟ್ಟು ಇರಬೇಕಾದುದನ್ನೇ ಓದಿಬಿಡುತ್ತದೆ. ದಿನಾಂಕಕ್ಕೂ ವಾರಕ್ಕೂ ಹೊಂದುವುದೇ ಎಂದು ಪಂಚಾಂಗದಲ್ಲಿ ನೋಡಿ. ದೂರವಾಣಿ ಸಂಖ್ಯೆಯನ್ನು ಕರಡಿನಿಂದಲೇ ಓದಿ ಕರೆಮಾಡಿ ಪರೀಕ್ಷಿಸಿ. 'ಮಾಡಿರಿ', 'ಮಾಡದಿರಿ' ಎಂಬಂತಹ ವಿಧಿನಿಷೇಧಗಳನ್ನೂ ಔಷಧಿಯ ಪ್ರಮಾಣವನ್ನೂ ಮತ್ತೊಮ್ಮೆ ಪ್ರತ್ಯೇಕವಾಗಿ ಓದಿ. ತಿದ್ದುಪಡಿಯಾದ ಬಳಿಕ ಹೊಸ ಕರಡನ್ನು ಕೇಳಿ ಪಡೆಯಿರಿ. ಒಂದು ತಪ್ಪನ್ನು ತಿದ್ದುವಾಗ ಪಕ್ಕದ ಸಾಲಿನಲ್ಲಿ ಇನ್ನೊಂದು ಹುಟ್ಟುವುದು ಅಪರೂಪವಲ್ಲ.

ಎಲ್ಲವೂ ಸರಿಯೆಂದು ಮನವರಿಕೆಯಾದ ಮೇಲೆ ಮಾತ್ರ ಕರಡಿನ ಮೇಲೆ ದಿನಾಂಕಸಹಿತ ಸಹಿ ಮಾಡಿರಿ. ಆ ಸಹಿಯ ಅನಂತರ ಹೊಣೆಯು ಮುದ್ರಕನದಲ್ಲ, ನಮ್ಮದು. ಭಾಷೆಯರಿಯದ ಮುದ್ರಕನು ನಮ್ಮ ಅಕ್ಷರಗಳನ್ನು ಶ್ರದ್ಧೆಯಿಂದ ಅಚ್ಚುಮಾಡಿಕೊಡಬಲ್ಲನು. ಅವುಗಳನ್ನು ಓದಿ ನೋಡುವ ಕೆಲಸವನ್ನು ಮಾತ್ರ ಕನ್ನಡ ಬಲ್ಲವರೇ ಮಾಡಬೇಕು.