ಬಾಗಿಲು ಹಾಕುವ ಮುನ್ನ ಬೀಗದ ಕೈ ನೋಡಿರಿ

(ರೈತರ ಸಭೆಯೊಂದರಲ್ಲಿ ಲಾರಿ ಚಾಲಕರೊಬ್ಬರು ಆಡಿದ ಮಾತುಗಳು)



ಲಾರಿ ನಡೆಸುವವನನ್ನು ಕರೆದು ತಮ್ಮಂಥ ರೈತರ ಮುಂದೆ ನಿಲ್ಲಿಸಿ, ‘ನಾಲ್ಕು ಮಾತು ಹೇಳಪ್ಪಾ’ ಎಂದರೆ ಅವನು ಏನು ಹೇಳಿಯಾನು? ಗೊಬ್ಬರದ ವಿಚಾರ ನನಗಿಂತ ತಮಗೇ ಚೆನ್ನಾಗಿ ಗೊತ್ತು. ಬೀಜದ ವಿಚಾರ ಹೇಳಲು ಬಲ್ಲವರಿದ್ದಾರೆ. ನಾನು ಬಲ್ಲದ್ದು ರಸ್ತೆ, ಲಾರಿ ಮತ್ತು ಅದರ ಬೀಗದ ಕೈ. ಆದುದರಿಂದ ಬೀಗದ ಕೈಯ ವಿಚಾರವನ್ನೇ ಇಂದು ಅರಿಕೆ ಮಾಡಿಕೊಳ್ಳುತ್ತೇನೆ. ಚಾಲಕನು ಹೊರಗೆ, ಬೀಗದ ಕೈ ಒಳಗೆ, ಬಾಗಿಲು ಭದ್ರ ಎಂಬ ಅವಸ್ಥೆ ಬಾರದಂತೆ ನಮ್ಮ ಕಸಬಿನವರು ಏನು ಮಾಡುತ್ತಾರೆ ಎಂಬುದೇ ಇಂದಿನ ಮಾತು.

‘ಇದು ನಮಗೇತಕ್ಕೆ?’ ಎಂದು ತಾವು ಕೇಳಬಹುದು. ಇಂದು ಹಳ್ಳಿ ಹಳ್ಳಿಯಲ್ಲೂ ಸರಕು ಸಾಗಿಸುವ ಸಣ್ಣ ಮೋಟಾರುಗಳು ಬಂದಿವೆ. ಎತ್ತಿನ ಗಾಡಿಗೆ ಬೀಗವಿರಲಿಲ್ಲ, ಚಿಂತೆಯೂ ಇರಲಿಲ್ಲ. ಈಗ ಬೀಗ ಬಂದಿದೆ, ಅದರ ಹಿಂದೆಯೇ ಚಿಂತೆಯೂ ಬಂದಿದೆ. ಸ್ವಂತ ವಾಹನವಿಲ್ಲದವರ ಮಾಲೂ ಒಬ್ಬ ಚಾಲಕನ ಕೈಯಲ್ಲೇ ಪೇಟೆಗೆ ಹೋಗಬೇಕು. ಅವನ ಮರೆವು ತಮ್ಮ ನಷ್ಟ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. 2009ನೆಯ ಇಸವಿಯ ಮಳೆಗಾಲ. ಮುಳಬಾಗಿಲಿನ ಕಡೆಯಿಂದ ಟೊಮೇಟೊ ತುಂಬಿಕೊಂಡು ಮದರಾಸಿನ ಕೋಯಂಬೇಡು ಮಾರುಕಟ್ಟೆಗೆ ಹೊರಟಿದ್ದೆ. ಬೆಳಗಿನ ಜಾವಕ್ಕೆ ಅಲ್ಲಿ ಮಾಲು ಇಳಿಯಬೇಕು. ರಾಣಿಪೇಟೆ ದಾಟಿದ ಮೇಲೆ ಗಾಳಿಮಳೆ ಹಿಡಿಯಿತು. ಟಾರ್ಪಾಲಿನ ಒಂದು ಮೂಲೆ ಕಿತ್ತು ಪಟಪಟನೆ ಬಡಿಯತೊಡಗಿತು. ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಬ್ಯಾಟರಿ ಸೋತಿತ್ತು. ಎಂಜಿನ್ನು ನಿಲ್ಲಿಸಿದರೆ ಮತ್ತೆ ಹೊರಡದೆಂಬ ಹೆದರಿಕೆಯಿಂದ ಓಡುತ್ತಲೇ ಬಿಟ್ಟೆ. ಹಗ್ಗ ಹಿಡಿಯಲು ಕ್ಲೀನರನೂ ಇಳಿದ. ರಾತ್ರಿ ಹೊತ್ತು ಕಳ್ಳರ ಭಯಕ್ಕೆ ಬಾಗಿಲಿನ ಗುಂಡಿ ಒತ್ತಿ ಇಳಿಯುವುದು ನಮ್ಮ ವಾಡಿಕೆ. ಅವನು ತನ್ನ ಕಡೆ ಒತ್ತಿ ಇಳಿದ, ನಾನು ನನ್ನ ಕಡೆ ಒತ್ತಿ ಇಳಿದೆ. ಬಾಗಿಲುಗಳೆರಡೂ ಬಿದ್ದವು. ಎಂಜಿನ್ನು ಓಡುತ್ತಿದೆ, ದೀಪ ಉರಿಯುತ್ತಿದೆ, ಬೀಗದ ಕೈ ಒಳಗೆ ತೂಗಾಡುತ್ತಿದೆ, ನಾವಿಬ್ಬರೂ ಮಳೆಯಲ್ಲಿ ನಿಂತಿದ್ದೇವೆ!

ಎರಡನೆಯ ಬೀಗದ ಕೈ ಇರಲಿಲ್ಲವೇ ಎಂದರೆ, ಇತ್ತು. ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿತ್ತು! ಬೆಳಕು ಹರಿದ ಮೇಲೆ ಒಬ್ಬ ಮೆಕಾನಿಕ್ಕು ಬಂದು ಬಾಗಿಲು ತೆಗೆದ. ನಾವು ಮಾರುಕಟ್ಟೆ ಸೇರುವ ಹೊತ್ತಿಗೆ ಒಳ್ಳೆಯ ವ್ಯಾಪಾರ ಮುಗಿದಿತ್ತು. ಉಳಿದ ಬೆಲೆಗೆ ಮಾಲು ಹೋಯಿತು. ಅದು ಮೂವರು ರೈತರ ಮಾಲು. ಅವರಲ್ಲಿ ಹಿರಿಯರೊಬ್ಬರು ನನ್ನನ್ನು ಬೈಯಲಿಲ್ಲ. ‘ಹೋಗಲಿ ಬಿಡಪ್ಪಾ. ಬೆಳೆ ಮಳೆಗೆ ಹೋಗುವುದುಂಟು, ರೋಗಕ್ಕೆ ಹೋಗುವುದುಂಟು. ಈ ಸಲ ಬೀಗಕ್ಕೆ ಹೋಯಿತು’ ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಮಾತನ್ನು ಇಂದಿಗೂ ಮರೆತಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಕಲಿತದ್ದೂ ಹಾಗೆಯೇ. ತಾವು ಮೊದಲೇ ಕಲಿಯಲಿ ಎಂದು ಹೇಳುತ್ತಿದ್ದೇನೆ.

ಮೊದಲನೆಯ ಮಾತು: ಒಳಗಿನ ಗುಂಡಿ ಒತ್ತಿ ಬಾಗಿಲು ಬಡಿಯುವ ಅಭ್ಯಾಸವನ್ನು ಬಿಟ್ಟುಬಿಡಿರಿ. ಇಳಿಯಿರಿ, ಬಾಗಿಲು ಮುಚ್ಚಿರಿ, ಅನಂತರ ಹೊರಗಿನಿಂದ ಬೀಗದ ಕೈ ಹಾಕಿ ತಿರುಗಿಸಿರಿ. ಕೈಯಲ್ಲಿ ಬೀಗದ ಕೈ ಇಲ್ಲದೆ ಈ ಬೀಗ ಬೀಳುವುದೇ ಇಲ್ಲವಾದ್ದರಿಂದ ಅದು ಒಳಗೆ ಉಳಿಯುವ ಮಾತೂ ಇಲ್ಲ. ಈ ಒಂದೇ ಅಭ್ಯಾಸವಿದ್ದರೆ ಮುಕ್ಕಾಲು ಕಷ್ಟ ತಪ್ಪಿತು.

ಎರಡನೆಯದು: ಒಂದೇ ನಿಮಿಷದ ಕೆಲಸವಾದರೂ ಸರಿ, ಎಂಜಿನ್ನು ನಿಲ್ಲಿಸಿ, ಕೈ ಬ್ರೇಕು ಎಳೆದು, ಬೀಗದ ಕೈಯನ್ನು ಜೇಬಿಗೆ ಹಾಕಿಯೇ ಇಳಿಯಿರಿ. ಇದು ಕಾನೂನೂ ಹೌದು. ಚಾಲಕನ ಸೀಟಿನಲ್ಲಿ ಲೈಸೆನ್ಸು ಇದ್ದವರು ಯಾರೂ ಇಲ್ಲದಿದ್ದರೆ ಎಂಜಿನ್ನು ನಿಲ್ಲಿಸಿ, ವಾಹನ ತಾನಾಗಿ ಚಲಿಸದಂತೆ ಬ್ರೇಕು ಹಾಕಿರಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಮು ಹೇಳುತ್ತದೆ. ಬ್ಯಾಟರಿ ಸೋತಿದೆ ಎಂಬುದು ನೆಪ. ಸೋತ ಬ್ಯಾಟರಿಯನ್ನು ಹೊರಡುವ ಮುಂಚೆಯೇ ಸರಿಪಡಿಸಿಕೊಳ್ಳಬೇಕು. ಮನೆಯಂಗಳದಲ್ಲಿ ಎಂಜಿನ್ನು ಓಡಿಸಿಟ್ಟು ಪರೀಕ್ಷೆ ಮಾಡಬೇಕಾದಾಗ, ಚಾಲಕನ ಕಡೆಯ ಕಿಟಕಿಯ ಗಾಜನ್ನು ಇಳಿಸಿಯೇ ಕೆಳಗೆ ಬನ್ನಿರಿ. ತೋಳು ತೂರುವಷ್ಟು ಸಂದಿ ಇದ್ದರೆ ಸಾಕು.

ಮೂರನೆಯದು ಎರಡನೆಯ ಬೀಗದ ಕೈ. ಇದು ವಾಹನದ ಒಳಗೆ ಇರಲೇಕೂಡದು. ಮೊದಲನೆಯದರ ಬಳೆಯಲ್ಲೂ ಇರಕೂಡದು. ಕ್ಲೀನರನಿದ್ದರೆ ಅವನ ಜೇಬಿನಲ್ಲಿರಲಿ. ಒಬ್ಬರೇ ಹೋಗುವವರಾದರೆ ಉಡಿದಾರಕ್ಕೆ ಕಟ್ಟಿಕೊಳ್ಳಿರಿ. ನಗಬೇಡಿರಿ, ನಮ್ಮಲ್ಲಿ ಹಿಂದಿನಿಂದ ಪೆಟ್ಟಿಗೆಯ ಬೀಗದ ಕೈಯನ್ನು ಹಿರಿಯರು ಉಡಿದಾರಕ್ಕೆ ಕಟ್ಟಿಕೊಳ್ಳಲಿಲ್ಲವೇ? ಹೆಂಗಸರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಲಿಲ್ಲವೇ? ಕೆಲವು ಚಾಲಕರು ಅದನ್ನು ಲಾರಿಯ ಅಡಿಯಲ್ಲಿ ತಂತಿಯಿಂದ ಬಿಗಿದಿಡುತ್ತಾರೆ. ಹಾಗೆ ಮಾಡುವುದಾದರೆ ಸೈಲೆನ್ಸರಿನ ಕಾವಿನಿಂದ ದೂರವಿರಲಿ, ಕೆಸರು ಹೊಗದಂತೆ ಸುತ್ತಿರಲಿ. ಆದರೆ ಕಳ್ಳನೂ ಮೊದಲು ಹುಡುಕುವುದು ಅಲ್ಲಿಯೇ ಎಂಬುದು ನೆನಪಿರಲಿ. ಉಡಿದಾರವೇ ಮೇಲು.

ಇಲ್ಲಿ ಇನ್ನೊಂದು ಸಂಗತಿ. ಹೊಸ ವಾಹನಗಳಲ್ಲಿ ಬಹಳಷ್ಟಕ್ಕೆ ಬೀಗದ ಕೈಯ ತಲೆಯೊಳಗೆ ಒಂದು ಸಣ್ಣ ಚಿಪ್ಪು ಇರುತ್ತದೆ. ಅದನ್ನು ಗುರುತಿಸದೆ ಎಂಜಿನ್ನು ಹೊರಡದು. ಆದುದರಿಂದ ಚಿಪ್ಪಿರುವ ನಕಲಿಗೆ ಹಣ ಹೆಚ್ಚು. ಆದರೆ ಬರಿಯ ಬಾಗಿಲು ತೆಗೆಯುವುದಕ್ಕೆ ಚಿಪ್ಪು ಬೇಕಿಲ್ಲ. ಬಾಗಿಲಿನಲ್ಲಿ ಬೀಗದ ಕೈ ಹಾಕುವ ರಂಧ್ರವಿದ್ದರೆ, ಅದೇ ಹಲ್ಲುಗಳನ್ನು ಕೊರೆಸಿದ ಸಾದಾ ನಕಲು ಸಾಕು. ಒಳಗಿರುವ ಅಸಲಿ ಬೀಗದ ಕೈ ಕೈಗೆ ಸಿಕ್ಕಿದರೆ ತಾನೆ ನಮ್ಮ ಕೆಲಸ ಆಯಿತು? ಮಾಡಿಸಿದೊಡನೆ ಬಾಗಿಲಿಗೆ ಹಾಕಿ ತಿರುಗಿಸಿ ನೋಡಿರಿ. ವಾಹನ ಕೊಂಡಾಗ ಬೀಗದ ಕೈಯ ಸಂಖ್ಯೆ ಬರೆದ ಚೀಟಿ ಕೊಟ್ಟಿದ್ದರೆ ಅದನ್ನು ಮನೆಯ ಪೆಟ್ಟಿಗೆಯಲ್ಲಿಡಿರಿ. ಎರಡೂ ಕಳೆದುಹೋದ ದಿನ ಅದು ಉಪಯೋಗಕ್ಕೆ ಬರುತ್ತದೆ.

ಗುಂಡಿ ಒತ್ತಿದರೆ ದೂರದಿಂದಲೇ ತೆರೆಯುವ ರಿಮೋಟು ಇದ್ದವರು ಎರಡು ವಿಷಯ ತಿಳಿದಿರಬೇಕು. ರಿಮೋಟಿನಿಂದ ಬೀಗ ತೆರೆದು, ಯಾವ ಬಾಗಿಲನ್ನೂ ತೆರೆಯದೆ ಬಿಟ್ಟರೆ, ಎಷ್ಟೋ ವಾಹನಗಳು ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಮತ್ತೆ ಬೀಗ ಹಾಕಿಕೊಳ್ಳುತ್ತವೆ. ರಿಮೋಟಿನೊಳಗಿನ ಸಣ್ಣ ಬ್ಯಾಟರಿಯೂ ಒಂದು ದಿನ ಸಾಯುತ್ತದೆ. ದೂರದಿಂದ ತೆರೆಯುತ್ತಿದ್ದುದು ಹತ್ತಿರ ಹೋದರೆ ಮಾತ್ರ ತೆರೆಯುತ್ತಿದೆ ಎಂದಾದರೆ ಅದನ್ನು ಬದಲಾಯಿಸಿರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು; ತಾಯಂದಿರು ಗಮನವಿಟ್ಟು ಕೇಳಬೇಕು. ನನ್ನ ತಂಗಿಯ ಊರಿನಲ್ಲಿ ಒಂದು ಬೇಸಿಗೆಯ ಮಧ್ಯಾಹ್ನ ಅಂಗಳದಲ್ಲಿ ಮೂಟೆ ಇಳಿಸುತ್ತಿದ್ದರು. ಮೂರು ವರ್ಷದ ಮಗು ಆಟವಾಡುತ್ತ ಮುಂದಿನ ಸೀಟು ಹತ್ತಿ, ಗುಂಡಿ ಒತ್ತಿಬಿಟ್ಟಿತು. ಬೀಗದ ಕೈ ಒಳಗೆ. ಗಾಜುಗಳೆಲ್ಲ ಮೇಲೆ. ಮಗುವಿಗೆ ತೆರೆಯಲು ಬಾರದು. ಒಬ್ಬರು ‘ಮೆಕಾನಿಕ್ಕನನ್ನು ಕರೆಯಿರಿ’ ಎಂದರು, ಇನ್ನೊಬ್ಬರು ‘ಗಾಜಿಗೆ ಸಾವಿರಾರು ರೂಪಾಯಿ’ ಎಂದರು. ನನ್ನ ತಂಗಿ ಯಾರ ಮಾತನ್ನೂ ಕೇಳಲಿಲ್ಲ. ಹಾರೆ ತಂದು ಮಗುವಿಗೆ ದೂರವಾದ ಕಡೆಯ ಗಾಜನ್ನು ಒಡೆದಳು. ಮಗು ಬೆವರಿನಲ್ಲಿ ತೊಯ್ದಿತ್ತು, ಕ್ಷೇಮವಾಗಿತ್ತು.

ಅವಳು ಮಾಡಿದ್ದೇ ಸರಿ. ಬಿಸಿಲಿನಲ್ಲಿ ಮುಚ್ಚಿ ನಿಂತ ವಾಹನದ ಒಳಗಿನ ಕಾವು ಹತ್ತು ನಿಮಿಷದಲ್ಲಿಯೇ ಸುಮಾರು 10 ಡಿಗ್ರಿ ಸೆಲ್ಷಿಯಸ್ ಏರುತ್ತದೆ. ಮಕ್ಕಳ ಮೈ ದೊಡ್ಡವರ ಮೈಗಿಂತ ಬಹು ಬೇಗ ಕಾಯುತ್ತದೆ. ಮಗು ಒಳಗೆ ಸಿಕ್ಕಿದಾಗ ಮೆಕಾನಿಕ್ಕಿಗಾಗಿ ಕಾಯಬೇಡಿರಿ. ಒಬ್ಬರು 112ಕ್ಕೆ ಫೋನು ಮಾಡಲಿ, ಇನ್ನೊಬ್ಬರು ಗಾಜು ಒಡೆಯಲಿ. ಮುಂದಿನ ದೊಡ್ಡ ಗಾಜನ್ನು ಹೊಡೆಯಬೇಡಿರಿ. ಅದು ಎರಡು ಪದರದ್ದು, ಬಿರಿಯುತ್ತದೆ, ಬೀಳುವುದಿಲ್ಲ. ಪಕ್ಕದ ಬಾಗಿಲಿನ ಗಾಜಿನ ಮೂಲೆಗೆ ಮೊನೆಯಿರುವ ಗಟ್ಟಿ ವಸ್ತುವಿನಿಂದ ಹೊಡೆದರೆ ಅದು ಸಾಮಾನ್ಯವಾಗಿ ಸಣ್ಣ ಹರಳುಗಳಾಗಿ ಉದುರುತ್ತದೆ. ಗಾಜು ಮತ್ತೆ ಸಿಗುತ್ತದೆ.

ಒಳಗೆ ಯಾರೂ ಇಲ್ಲದಿದ್ದರೆ ಆತುರ ಬೇಡ. ಎಲ್ಲ ಬಾಗಿಲುಗಳನ್ನೂ ಒಮ್ಮೆ ಎಳೆದು ನೋಡಿರಿ. ಮನೆಯಿಂದ ಎರಡನೆಯ ಬೀಗದ ಕೈ ತರಿಸಿರಿ. ಹೊಸ ವಾಹನಗಳ ಬಾಗಿಲಿನೊಳಗೆ ವಿದ್ಯುತ್ ತಂತಿಗಳಿರುವುದರಿಂದ ಸರಳು, ಪಟ್ಟಿ ತೂರಿಸಿ ಕೆದಕಬೇಡಿರಿ. ಬಲ್ಲವರನ್ನು ಕರೆಯಿರಿ.

ಬಾಂಧವರೆ, ಇಷ್ಟೇ ನನ್ನ ಮಾತು. ಇಂದು ಮನೆಗೆ ಹೋದೊಡನೆ ವಾಹನವಿರುವವರು ಒಂದು ಕೆಲಸ ಮಾಡಿರಿ. ಎರಡು ಬೀಗದ ಕೈಗಳೂ ಒಂದೇ ಮೊಳೆಗೆ ನೇತುಬಿದ್ದಿದ್ದರೆ ಬೇರೆ ಮಾಡಿರಿ. ಅವು ಮಕ್ಕಳ ಕೈಗೆ ಎಟುಕದಂತಿರಲಿ. ನಿಂತ ವಾಹನಕ್ಕೆ ಬೀಗ ಹಾಕಿಯೇ ಇರಲಿ, ಮಕ್ಕಳು ಹತ್ತದಂತೆ. ಬಾಡಿಗೆ ಲಾರಿಗೆ ಮಾಲು ಹೇರುವವರು ಹಗ್ಗ ಬಿಗಿಯಾಗಿದೆಯೇ ಎಂದು ನೋಡುವಾಗ ಚಾಲಕನನ್ನೂ ಒಂದು ಮಾತು ಕೇಳಿರಿ: ‘ಎರಡನೆಯ ಬೀಗದ ಕೈ ಎಲ್ಲಿದೆಯಪ್ಪಾ?’ ಅವನು ಸೀಟಿನ ಹಿಂದೆ ಎಂದರೆ, ನನ್ನ ಕಥೆಯನ್ನು ಅವನಿಗೆ ಹೇಳಿರಿ.